ಒಂದು ಪಾಲಿಗೆ 25 ಚದರ ಅಡಿ

ಶಹಾಪುರದ ಹಳೆಯ ಊರಿನಲ್ಲಿ ನಾವು ಮನೆ ಕಟ್ಟಿಸಿ ಮೂರು ವರ್ಷಗಳು ಸಂದವು. ಅಂದಿನಿಂದ ಜುಮಾ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುವಾಗ ಯಾರಾದರೊಬ್ಬರು ತಡೆದು ಕೇಳುವುದುಂಟು: "ಮೌಲಾನಾ, ಚದರಕ್ಕೆ ಎಷ್ಟು ಬಿತ್ತು?" ಗೌಂಡಿ ಯಾರು, ಸಿಮೆಂಟು ಯಾವುದು, ಮರಳು ಎಲ್ಲಿಂದ ಬಂತು ಎಂಬ ಪ್ರಶ್ನೆಗಳೂ ಅದರ ಬೆನ್ನಿಗೇ ಬರುತ್ತವೆ. ತಿಳಿದಷ್ಟನ್ನು ಹೇಳುತ್ತೇವೆ. ಆದರೆ ನಾವು ಹೆಚ್ಚಾಗಿ ಎಡವಿದ್ದು ಯಾರೂ ಕೇಳದ ಕೆಲವು ಸಂಗತಿಗಳಲ್ಲಿ. ಮನೆ ಕಟ್ಟಲು ಹೊರಟಿರುವ ಸಹೋದರ ಸಹೋದರಿಯರಿಗೆ ಉಪಯೋಗವಾದೀತೆಂದು ಅವನ್ನು ಇಲ್ಲಿ ಬರೆಯುತ್ತಿದ್ದೇವೆ.

ಮನೆ ಕಟ್ಟುವುದು ದೀನಿನಲ್ಲಿ ನಿಂದ್ಯವೇನಲ್ಲ. ವಿಶಾಲವಾದ ಮನೆಯನ್ನು ಮನುಷ್ಯನ ಸೌಭಾಗ್ಯಗಳಲ್ಲಿ ಒಂದೆಂದು ಪ್ರವಾದಿವರ್ಯರು(ಸ) ಎಣಿಸಿದ್ದಾರೆ. ಅದೇ ವೇಳೆ ಸಹಾಬಿಗಳಾದ ಖಬ್ಬಾಬ್(ರ) ಅವರು ಸ್ವತಃ ಗೋಡೆ ಕಟ್ಟಿಸುತ್ತಿದ್ದಾಗ, ಮಣ್ಣಿಗೆ ಸುರಿದ ಹಣಕ್ಕೆ ಮಾತ್ರ ಪ್ರತಿಫಲವಿಲ್ಲವೆಂಬ ಅರ್ಥದಲ್ಲಿ ಮಾತನಾಡಿದ್ದು ಬುಖಾರಿಯಲ್ಲಿ ದಾಖಲಾಗಿದೆ. ಈ ಎರಡು ಮಾತುಗಳ ನಡುವೆ ಎಲ್ಲಿ ನಿಲ್ಲಬೇಕೆಂಬುದು ಸಿಮೆಂಟಿನ ಅಂಗಡಿಗೆ ಹೋಗುವ ಮುಂಚೆಯೇ ತೀರ್ಮಾನವಾಗಬೇಕು. ನಾವು ಅದನ್ನು ತಡವಾಗಿ ಅರಿತೆವು.

ತಂದೆಯವರು ಬಿಟ್ಟುಹೋದದ್ದು 30 ಅಡಿ ಅಗಲ, 40 ಅಡಿ ಉದ್ದದ ಜಾಗ ಮತ್ತು ಅದರ ಮೇಲೊಂದು ಹಳೆಯ ಮನೆ. ಎರಡಡಿ ದಪ್ಪದ ಕಲ್ಲುಗೋಡೆ, ತೊಲೆ ಜಂತಿಗಳ ಮೇಲೆ ಹೊದಿಸಿದ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ತಂಪು, ಮಳೆಗಾಲದಲ್ಲಿ ಕೋಣೆಗೊಂದು ಬೋಗುಣಿ. ವಾರಸುದಾರರು ಐವರು: ನಮ್ಮ ಅಮ್ಮಿ, ನಾವು, ಕಲಬುರಗಿಯಲ್ಲಿರುವ ತಮ್ಮ, ಸುರಪುರದಲ್ಲಿ ವಿಧವೆಯಾಗಿ ಮಕ್ಕಳೊಂದಿಗಿರುವ ಆಪಾ, ಯಾದಗಿರಿಗೆ ಕೊಟ್ಟ ತಂಗಿ. ತಂದೆಯವರು ತೀರಿಕೊಂಡು ಐದು ವರ್ಷಗಳಾಗಿದ್ದರೂ ಖಾತೆ ಅವರ ಹೆಸರಿನಲ್ಲಿಯೇ ಇತ್ತು. ಖಾತೆ ಬದಲಾಗದೆ ಕಟ್ಟಡ ಪರವಾನಗಿ ಇಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರೆಲ್ಲರ ಒಪ್ಪಿಗೆ ಇವೆಲ್ಲ ಬೇಕು. ದಸ್ತಾವೇಜು ಬರೆಯುವವರು ಸಹಜವೆಂಬಂತೆ ಹೇಳಿದರು: "ಹೆಣ್ಣುಮಕ್ಕಳ ಕಡೆಯಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಬಿಡ್ರಿ ಸಾಬ್ರ, ಎಲ್ಲಾರೂ ಹಂಗ ಮಾಡ್ತಾರ."

ನಾವೂ ಹಾಗೆಯೇ ಮಾಡಲು ಹೊರಟೆವು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಮುಚ್ಚಿಡುವುದಿಲ್ಲ. ತಂಗಿ ನಗುತ್ತಲೇ ತನಗೇನೂ ಬೇಡವೆಂದಳು. ಆಪಾ ಸುರಪುರದ ತಮ್ಮ ಮನೆಯಲ್ಲಿ ಚಹಾದ ಲೋಟ ಮುಂದಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ನಮ್ಮ ದಖ್ಖನಿಯಲ್ಲಿಯೇ ಕೇಳಿದರು: "ನೀನು ಹುಡುಗರಿಗೆ ಮೀರಾಸಿನ ಪಾಠ ಹೇಳುತ್ತೀಯಲ್ಲ, ಹಲಗೆಯ ಮೇಲೆ ಆಪಾನ ಪಾಲು ಎಷ್ಟೆಂದು ಬರೆಯುತ್ತೀ?"

ಆ ರಾತ್ರಿ ಶಹಾಪುರಕ್ಕೆ ಮರಳಿ ಕಾಗದದ ಮೇಲೆ ಲೆಕ್ಕ ಹಾಕಿದೆವು. ಸೂರಾ ನಿಸಾದ 11 ಮತ್ತು 12ನೆಯ ಸೂಕ್ತಗಳ ಪ್ರಕಾರ ಮಕ್ಕಳಿರುವಾಗ ಪತ್ನಿಗೆ ಎಂಟನೆಯ ಒಂದು ಭಾಗ. ಉಳಿದದ್ದು ಮಕ್ಕಳಿಗೆ, ಗಂಡಿಗೆ ಎರಡು ಹೆಣ್ಣಿಗೆ ಒಂದರಂತೆ. ಒಟ್ಟು 48 ಪಾಲು ಮಾಡಿದರೆ ಅಮ್ಮಿಗೆ 6, ಗಂಡುಮಕ್ಕಳಿಬ್ಬರಿಗೆ ತಲಾ 14, ಹೆಣ್ಣುಮಕ್ಕಳಿಬ್ಬರಿಗೆ ತಲಾ 7. ಜಾಗ 1200 ಚದರ ಅಡಿ. ಅಂದರೆ ಒಂದು ಪಾಲಿಗೆ ಸರಿಯಾಗಿ 25 ಚದರ ಅಡಿ. ಆಪಾಗೆ 175 ಚದರ ಅಡಿ, ಒಂದು ಒಳ್ಳೆಯ ಕೋಣೆಯಷ್ಟು. ಹತ್ತಾರು ವರ್ಷ ಹಲಗೆಯ ಮೇಲೆ ಬರೆದು ಒರೆಸಿದ ಲೆಕ್ಕ ಅದು. ನಮ್ಮ ಕಾಲ ಕೆಳಗಿನ ನೆಲಕ್ಕೆ ಅದನ್ನು ಒಮ್ಮೆಯೂ ಹಾಕಿ ನೋಡಿರಲಿಲ್ಲ.

ನಮ್ಮ ಕುಟುಂಬಗಳಲ್ಲಿ ಹೆಣ್ಣುಮಕ್ಕಳು "ಖುಷಿಯಿಂದ" ಪಾಲು ಬಿಟ್ಟುಕೊಡುತ್ತಾರೆಂದು ಹೇಳುವುದು ರೂಢಿ. ಆ ಖುಷಿಯ ಹಿಂದೆ ತವರಿನ ಬಾಗಿಲು ಮುಚ್ಚೀತೆಂಬ ಭಯ ಎಷ್ಟಿರುತ್ತದೆಂದು ಯಾರೂ ಅಳೆಯುವುದಿಲ್ಲ. ಪಾಲು ಕೊಟ್ಟು ಬಿಡುಗಡೆ ಪತ್ರ ಬರೆಸುವುದು ಬೇರೆ, ಕೊಡದೆ ಬರೆಸುವುದು ಬೇರೆ. ನೋಂದಣಿ ಕಚೇರಿಯಲ್ಲಿ ಎರಡಕ್ಕೂ ಹೆಬ್ಬೆಟ್ಟು ಒಂದೇ ಬಗೆಯಲ್ಲಿ ಬೀಳುತ್ತದೆ. ಅನ್ಯರ ನೆಲವನ್ನು ಒಂದು ಗೇಣಿನಷ್ಟು ಕಬಳಿಸಿದರೂ ಅದು ಪರಲೋಕದಲ್ಲಿ ಕೊರಳಿಗೆ ಬೀಳುವುದೆಂಬ ಪ್ರವಾದಿ(ಸ) ಎಚ್ಚರಿಕೆಯನ್ನು ನಾವು ಬೇಲಿ ಸರಿಸುವ ಪಕ್ಕದ ಹೊಲದವನಿಗೆ ಅನ್ವಯಿಸಿ ಹೇಳುತ್ತೇವೆ. ಅಕ್ಕತಂಗಿಯರ 175 ಚದರ ಅಡಿ ಎಷ್ಟು ಗೇಣುಗಳಾಗುತ್ತದೆ?

ಮೊಹಲ್ಲಾದ ಮೂವರು ಹಿರಿಯರನ್ನು ಕರೆದು ಜಾಗಕ್ಕೆ ಬೆಲೆ ಕಟ್ಟಿಸಿದೆವು. ಚದರ ಅಡಿಗೆ ಸಾವಿರ ರೂಪಾಯಿ ಎಂದರು. ಆಪಾಗೆ 1,75,000, ತಂಗಿಗೂ ಅಷ್ಟೇ, ತಮ್ಮನಿಗೆ 3,50,000. ಅಮ್ಮಿ ತಮ್ಮ ಪಾಲನ್ನು ಮಾರಲಿಲ್ಲ. ತಾವು ಇಲ್ಲಿಯೇ ಇರುವುದಾಗಿ ಹೇಳಿದರು. ಅಕ್ಕತಂಗಿಯರಿಗೆ ಹಣವನ್ನು ಮೊದಲು ಸಲ್ಲಿಸಿ ಆಮೇಲೆ ಪತ್ರ ನೋಂದಾಯಿಸಿದೆವು. ತಮ್ಮ ತನ್ನದನ್ನು ವರ್ಷಕ್ಕೊಂದು ಕಂತಿನಂತೆ ಪಡೆಯಲು ಒಪ್ಪಿದ. "ಏನೂ ಬೇಡ" ಎಂದಿದ್ದ ತಂಗಿ ಹಣ ಕೈಗೆ ಬಂದಾಗ ಬೇಡವೆನ್ನಲಿಲ್ಲ. ಅವಳ ಮಗಳ ಕಾಲೇಜಿನ ಫೀಸಿಗೆ ಅದು ಸರಿಹೋಯಿತು.

ಹೊಸ ಬಡಾವಣೆಗಳಲ್ಲಿ ಜಾಗ ಕೊಳ್ಳುವವರಿಗೆ ಈ ತೊಡಕಿಲ್ಲ. ಅವರ ತೊಡಕೇ ಬೇರೆ. ಕೃಷಿ ಭೂಮಿಯನ್ನು ಎನ್.ಎ. ಮಾಡಿಸದೆ, ಕಲ್ಲು ನೆಟ್ಟು ಸುಣ್ಣದ ಗೆರೆ ಎಳೆದು, ಛಾಪಾ ಕಾಗದದ ಮೇಲೆ ಮಾರುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಭೂಪರಿವರ್ತನೆಯ ಆದೇಶ, ಮಂಜೂರಾದ ಬಡಾವಣೆ ನಕ್ಷೆ, ಇ-ಖಾತಾ, ಋಣಭಾರ ಪತ್ರ ಈ ನಾಲ್ಕನ್ನು ಕಣ್ಣಾರೆ ನೋಡದೆ ಮುಂಗಡ ಕೊಡಬೇಡಿ. ಮಾರುವವರು ನಮ್ಮವರೇ, ಐದು ಹೊತ್ತಿನ ನಮಾಝಿಗಳೇ ಆಗಿದ್ದರೂ ನೋಡಿ.

ಕೂಡಿಟ್ಟಿದ್ದ 14 ಲಕ್ಷದಲ್ಲಿ ಹತ್ತೂವರೆ ಉಳಿಯಿತು. ಕೆಳಗೆ ಮೂರು ಕೋಣೆ, ಮೇಲೆ ಎರಡು ಎಂದಿದ್ದ ನಕ್ಷೆಯಲ್ಲಿ ಮೇಲಿನದನ್ನು ಪೆನ್ಸಿಲಿನಿಂದ ಹೊಡೆದುಹಾಕಿದೆವು. ಬ್ಯಾಂಕಿನ ಗೃಹಸಾಲ ಪಡೆದಿದ್ದರೆ ಅದೂ ಆಗುತ್ತಿತ್ತು. ಬಡ್ಡಿಯ ವಿಷಯದಲ್ಲಿ ನಮ್ಮ ನಿಲುವು ಓದುಗರಿಗೆ ಗೊತ್ತಿರುವುದೇ. ಅದನ್ನು ಮತ್ತೆ ವಿವರಿಸುವುದಿಲ್ಲ. ನಿರ್ವಾಹವಿಲ್ಲದೆ ಪಡೆದವರನ್ನು ಅಳೆಯಲು ನಾವು ತಕ್ಕಡಿ ಹಿಡಿದು ಕುಳಿತಿಲ್ಲ. ಇಷ್ಟು ಮಾತ್ರ ಹೇಳಬಹುದು: ಚಿನ್ನವನ್ನು ಬಡ್ಡಿಗೆ ಅಡವಿಡುವುದಕ್ಕಿಂತ ಮಾರಿಬಿಡುವುದು ಮೇಲು. ನಮ್ಮ ಮನೆಯವರು ತಮ್ಮ ಎರಡು ಬಳೆಗಳನ್ನು ತಾವಾಗಿಯೇ ತೆಗೆದುಕೊಟ್ಟರು. ಅವು ಅವರ ಮಹರಿನವು. ಅದು ಸಾಲವೆಂದೇ ನಮ್ಮ ಪುಸ್ತಕದಲ್ಲಿ ಬರೆದಿದ್ದೇವೆ. ಹೆಂಗಸರು ನಡೆಸುವ ಬೀಸಿಯಲ್ಲಿ ಸರದಿಯಂತೆ ಎತ್ತುವ ಹಣ ನಿರ್ದೋಷ. ಹರಾಜು ಕೂಗಿ ಕಡಿಮೆಗೆ ಎತ್ತುವ ಚೀಟಿ ಹಾಗಲ್ಲ.

ಇನ್ನು ನೆಲದ ವಿಷಯ. ನಮ್ಮ ಭಾಗದಲ್ಲಿ ಬೆಟ್ಟದ ಮಗ್ಗುಲಿಗೆ ಬಂಡೆ ಮತ್ತು ಗರಸು, ಹೊಲಗಳ ಕಡೆಗೆ ಎರೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ನಿಂತ ಗೋಡೆಯೂ ವರ್ಷಕ್ಕೊಮ್ಮೆ ಉಸಿರಾಡಿದಂತೆ ಏರಿಳಿದು ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳುತ್ತದೆ. ಎರೆಯಲ್ಲಿ ಕಟ್ಟುವವರು ಗರಸು ಹತ್ತುವವರೆಗೂ ತೋಡಬೇಕು, ತೋಡಿದ ಎರೆಯನ್ನೇ ಮತ್ತೆ ಬುನಾದಿಗೆ ತುಂಬದೆ ಗರಸು ತುಂಬಿ ನೀರುಣಿಸಿ ದಮ್ಮಸು ಮಾಡಬೇಕು, ಪ್ಲಿಂತ್ ಬೀಮನ್ನು ಸುತ್ತಲೂ ಕಟ್ಟಬೇಕು. ಹಣ ಉಳಿಸುವ ಜಾಗ ಇದಲ್ಲ. ನಮ್ಮದು ಬೆಟ್ಟದ ಕಡೆಯ ಗಟ್ಟಿ ನೆಲ. ಆದ್ದರಿಂದ ನಿಶ್ಚಿಂತರಾಗಿದ್ದೆವು.

ನೆಲ ಅಗೆಯುತ್ತಿದ್ದ ಮೂರನೆಯ ದಿನ ಈಶಾನ್ಯದ ಮೂಲೆಯಲ್ಲಿ ಹಾರೆ ಹಿಡಿಯಷ್ಟು ಒಳಗೆ ಹೋಯಿತು. ಕೆಳಗೆ ಟೊಳ್ಳು. ಆಳು ಹೆದರಿ ಹಿಂದೆ ಸರಿದ. ಗೌಂಡಿ ಬಗ್ಗಿ ನೋಡಿ, "ಸಾಬ್ರ, ಹಗೇವು ಅದ್ರಿ ಇಲ್ಲಿ" ಎಂದ. ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ; ಆಳೆತ್ತರಕ್ಕಿಂತಲೂ ಆಳ. ಅರ್ಧ ಕಸಮಣ್ಣು ತುಂಬಿತ್ತು, ಅರ್ಧ ಬರಿದಾಗಿತ್ತು. ಅದರ ಮೇಲೆ ಒಂದು ಕಾಲಂ ನಿಲ್ಲಬೇಕಿತ್ತು. ಮಣ್ಣನ್ನೆಲ್ಲ ಹೊರತೆಗೆದು ಕಲ್ಲು, ಗರಸು, ಕಾಂಕ್ರೀಟು ತುಂಬಲು ಎಂಟು ದಿನ ಹಿಡಿಯಿತು. ಖರ್ಚಿನ ಮಾತು ಬೇರೆ.

ಸಂಜೆ ಅಮ್ಮಿಯ ಮುಂದೆ ಇದನ್ನು ಹೇಳಿದಾಗ ಅವರು ತಸಬೀಹ್ ನಿಲ್ಲಿಸಿ ನಮ್ಮನ್ನೇ ನೋಡಿದರು. "ಹೌದು, ಅಲ್ಲಿ ಹಗೇವು ಇತ್ತು. ನಾನು ಮದುವೆಯಾಗಿ ಬಂದಾಗ ಅದರಿಂದ ಜೋಳ ತೆಗೆಯುತ್ತಿದ್ದರು. ನನ್ನನ್ನು ಯಾರು ಕೇಳಿದರು?" ನಿಜ. ಇಂಜಿನಿಯರನ್ನು ಕೇಳಿದ್ದೆವು, ಗೌಂಡಿಯನ್ನು ಕೇಳಿದ್ದೆವು, ಹಿಂದೆ ಮನೆ ಕಟ್ಟಿದವರನ್ನೆಲ್ಲ ಕೇಳಿದ್ದೆವು. ಆ ನೆಲದ ಮೇಲೆ ಐವತ್ತು ವರ್ಷ ಕಸ ಗುಡಿಸಿದವರನ್ನು, ಅದರಲ್ಲಿ 150 ಚದರ ಅಡಿಗೆ ಒಡತಿಯಾದವರನ್ನು ಕೇಳಿರಲಿಲ್ಲ. ಅಂದಿನಿಂದ ನಕ್ಷೆಯನ್ನು ಅವರ ಮಂಚದ ಮೇಲೆ ಹರಡಿಯೇ ಮಾತನಾಡತೊಡಗಿದೆವು. ಬಚ್ಚಲಿನ ಹೊಸ್ತಿಲು ಎತ್ತರವಾಯಿತೆಂದು, ಕೈ ಹಿಡಿಯಲು ಗೋಡೆಗೊಂದು ಕಬ್ಬಿಣದ ಹಿಡಿ ಬೇಕೆಂದು ಹೇಳಿದವರು ಅವರೇ.

ದಕ್ಷಿಣಕ್ಕಿರುವ ನೆರೆಯವರ ಮಾಳಿಗೆಯ ಜಂತಿಗಳು ನಮ್ಮ ಹಳೆಯ ಗೋಡೆಯ ಮೇಲೆ ಕುಳಿತಿದ್ದವು. ಎಂದೋ ಹಿರಿಯರು ಬಾಯಿಮಾತಿನಲ್ಲಿ ಒಪ್ಪಿಕೊಂಡದ್ದು, ಕಾಗದವಿಲ್ಲ. "ಸಾಬ್ರ, ನಿಮ್ಮ ಗೋಡಿ ಕೆಡವಿದ್ರ ನಮ್ಮ ಮಾಳಗಿ ಉಳಿಯಂಗಿಲ್ರಿ" ಎಂದು ಆ ಮನೆಯ ಹಿರಿಯರು ಬಂದು ಹೇಳಿದರು. ಅಳತೆಯ ಪ್ರಕಾರ ಗೋಡೆ ಪೂರ್ತಿ ನಮ್ಮದೇ. ಕೆಡವಿದರೆ ಕಾನೂನು ನಮ್ಮ ಪರವಾಗಿಯೇ ಇರುತ್ತಿತ್ತೇನೋ. ಆದರೆ ನೆರೆಯವನು ತನ್ನ ತೊಲೆಯನ್ನು ನಿಮ್ಮ ಗೋಡೆಗೆ ಊರುವುದನ್ನು ತಡೆಯಬೇಡಿರೆಂಬ ಅಬೂ ಹುರೈರಾ(ರ) ವರದಿ ಮಾಡಿದ ಹದೀಸನ್ನು ನಾವು ಓದಿದ್ದೆವು, ಓದಿಸಿಯೂ ಇದ್ದೆವು. ಗೋಡೆಯನ್ನು ಹಾಗೆಯೇ ಬಿಟ್ಟು ಅದರ ಒಳಮಗ್ಗುಲಿಗೆ ನಮ್ಮ ಕಾಲಂಗಳನ್ನು ಎಬ್ಬಿಸಿದೆವು. ಎರಡಡಿ ಅಗಲ ಹೋಯಿತು. ಈ ಬಾರಿ ಇಬ್ಬರೂ ಸಹಿ ಮಾಡಿ ಕಾಗದವನ್ನೂ ಬರೆದುಕೊಂಡೆವು. ನಮ್ಮ ಮಕ್ಕಳ ಕಾಲಕ್ಕೆ ಜಗಳವಾಗಬಾರದಲ್ಲ.

ಕಾಗದದ ಮಾತು ಬಂತು. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ನಮಾಝಿನ ಕುರಿತದ್ದಲ್ಲ, ಹಜ್ಜಿನ ಕುರಿತದ್ದೂ ಅಲ್ಲ. ಸಾಲದ ವ್ಯವಹಾರವನ್ನು ಬರೆದಿಡುವ ಕುರಿತದ್ದು, ಸೂರಾ ಬಕರದ 282ನೆಯದು. ಇದನ್ನು ವರ್ಷಕ್ಕೆರಡು ಸಲವಾದರೂ ಖುತ್ಬಾದಲ್ಲಿ ಹೇಳುವ ನಾವು ಗೌಂಡಿಯೊಂದಿಗೆ ಬಾಯಿಮಾತಿನಲ್ಲಿ ಒಪ್ಪಂದ ಮಾಡಿಕೊಂಡೆವು. ಪರಿಚಿತ, ಸಜ್ಜನ, ಕೆಲಸವೂ ಚೊಕ್ಕ. ಚದರ ಅಡಿಗೆ ಇಂತಿಷ್ಟು ಮಜೂರಿ, ಸಾಮಾನು ನಮ್ಮದು ಎಂದು ಕೈಕೈ ಹಿಡಿದು ಮುಗಿಸಿದೆವು. ಚದರ ಅಡಿ ಎಂದರೆ ಯಾವುದರ ಅಳತೆ? ಗೋಡೆಯ ಹೊರಮೈಯಿಂದಲೋ ಒಳಮೈಯಿಂದಲೋ? ಛಜ್ಜಾ ಅದರಲ್ಲಿ ಸೇರಿತೋ ಇಲ್ಲವೋ? ಮೇಲಿನ ಕೈಪಿಡಿ ಗೋಡೆ, ನೀರಿನ ಹೌದು, ಮೆಟ್ಟಿಲು, ಅಡುಗೆಮನೆಯ ಕಟ್ಟೆ? ನಮ್ಮ ಲೆಕ್ಕದಲ್ಲಿ ಅವೆಲ್ಲ ಮನೆಯ ಒಳಗೇ ಇದ್ದವು, ಆತನ ಲೆಕ್ಕದಲ್ಲಿ ಎಲ್ಲವೂ ಹೊರಗೆ. ಛಜ್ಜಾ ಹಾಕುವ ದಿನ ಕೆಲಸ ನಿಂತಿತು. ನಾಲ್ಕು ದಿನ ನಾವಿಬ್ಬರೂ ಬೀದಿಯಲ್ಲಿ ಎದುರಾದರೂ ಸಲಾಮಿಗೆ ಮೀರಿದ ಮಾತಿರಲಿಲ್ಲ. ಕೊನೆಗೆ ಹಿರಿಯರೊಬ್ಬರು ಕುಳಿತು ನಡುವಿನ ಮೊತ್ತಕ್ಕೆ ಒಪ್ಪಿಸಿದರು. ಆತನದು ಮೋಸವೆಂದು ನಾವು ಇಂದಿಗೂ ಭಾವಿಸುವುದಿಲ್ಲ. ಇಬ್ಬರ ತಲೆಯಲ್ಲಿ ಎರಡು ಮನೆಗಳಿದ್ದವು, ಅಷ್ಟೇ. ಉಳಿದ ಕೆಲಸವನ್ನೆಲ್ಲ ಎರಡು ರೂಪಾಯಿಯ ನೋಟುಬುಕ್ಕಿನಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಶನಿವಾರದ ಬಟವಾಡೆಯನ್ನು ಶನಿವಾರವೇ ಮಾಡಿದೆವು. ಮಜೂರಿಯನ್ನು ಬೆವರಾರುವ ಮುನ್ನ ಕೊಡಬೇಕೆಂಬುದರಲ್ಲಿ ಮಾತ್ರ ನಾವು ತಪ್ಪಲಿಲ್ಲ.

ಸ್ಲ್ಯಾಬ್ ಬಿದ್ದದ್ದು 2022ರ ಏಪ್ರಿಲಿನಲ್ಲಿ, ರಮಝಾನಿನ ನಡುವೆ. ಇದೂ ನಮ್ಮ ಅವಸರದ ಫಲ. 40 ಡಿಗ್ರಿಯ ಬಿಸಿಲಿನಲ್ಲಿ ಉಪವಾಸವಿದ್ದ ಆಳುಗಳಿಂದ ಕಾಂಕ್ರೀಟು ಹೊರಿಸುವುದು ನ್ಯಾಯವೂ ಅಲ್ಲ, ಕಾಂಕ್ರೀಟಿಗೆ ಹಿತವೂ ಅಲ್ಲ. ಫಜ್ರ್ ಆದೊಡನೆ ಆರಂಭಿಸಿ ಹತ್ತೂವರೆಗೆ ಮುಗಿಸಿದೆವು. ಬಿಸಿಲಿಗೆ ಕಲಸು ಬೇಗ ಬಿಗಿಯುವುದರಿಂದ ಆಳುಗಳು ಇನ್ನಷ್ಟು ನೀರು ಸುರಿಯಲು ನೋಡುತ್ತಾರೆ. ಅದನ್ನು ಬಿಡಬಾರದು, 50 ಕಿಲೋ ಚೀಲಕ್ಕೆ 30 ಲೀಟರಿಗಿಂತ ಹೆಚ್ಚು ನೀರು ಬಿದ್ದರೆ ಸ್ಲ್ಯಾಬಿನ ಬಲ ತಗ್ಗುತ್ತದೆ. ಸರಳು ಹಲಗೆಗೆ ತಾಗದಂತೆ ಕೆಳಗೆ ಕವರ್ ಬ್ಲಾಕ್ ಇಟ್ಟಿದ್ದಾರೆಯೇ ಎಂದು ಹಿಂದಿನ ಸಂಜೆಯೇ ಬಗ್ಗಿ ನೋಡಬೇಕು. ಸ್ಲ್ಯಾಬಿನ ಮೇಲೆ ಮಣ್ಣಿನ ಚಿಕ್ಕ ಒಡ್ಡು ಕಟ್ಟಿ ನೀರು ನಿಲ್ಲಿಸಿದೆವು. ಹಾರುಬೂದಿ ಬೆರೆತ ಸಿಮೆಂಟಿಗೆ, ಇಂಥ ಬಿಸಿಲಿನಲ್ಲಿ, 14 ದಿನ ನೀರುಣಿಸುವುದು ಕ್ಷೇಮ. ಟ್ಯಾಂಕರಿನ ನೀರು ದುಬಾರಿ ನಿಜ. ಸಹರಿಗೆ ಎದ್ದ ಮೊಹಲ್ಲಾದ ಹುಡುಗರು ಆ ಹದಿನಾಲ್ಕು ದಿನವೂ ನಸುಕಿನಲ್ಲಿ ಏಣಿ ಹತ್ತಿ ಒಡ್ಡು ತುಂಬಿಸಿದರು. ಅಲ್ಲಾಹನು ಅವರಿಗೆ ಪ್ರತಿಫಲ ನೀಡಲಿ.

ಕಿಬ್ಲಾ ನಮ್ಮಲ್ಲಿ ಪಶ್ಚಿಮವೆಂದು ಎಲ್ಲರೂ ಹೇಳುತ್ತಾರೆ. ಶಹಾಪುರದಿಂದ ಲೆಕ್ಕ ಹಾಕಿದರೆ ಅದು ನೇರ ಪಶ್ಚಿಮದಿಂದ ಸುಮಾರು 14 ಡಿಗ್ರಿ ಉತ್ತರಕ್ಕಿದೆ. ನಮಾಝಿನ ಮೂಲೆಯಲ್ಲಿ ಕಲ್ಲು ಹಾಸುವಾಗ ಅದಕ್ಕೆ ತಕ್ಕಂತೆ ಒಂದು ಗೆರೆ ಬರುವ ಹಾಗೆ ಹಾಕಿಸಿದೆವು. ಶೌಚಾಲಯದಲ್ಲಿ ಮಾತ್ರ ಮೋಸಹೋದೆವು. ಕೊಳಾಯಿಯವನು ತನಗೆ ಪೈಪು ಅನುಕೂಲವಾಗುವಂತೆ ಆಸನವನ್ನು ಪಶ್ಚಿಮಾಭಿಮುಖವಾಗಿ ಕೂರಿಸಿ ಸಿಮೆಂಟು ಬಳಿದು ಹೋಗಿದ್ದ. ಕಿಬ್ಲಾಕ್ಕೆ ಮುಖವೋ ಬೆನ್ನೋ ಆಗುವಂತೆ ಅಲ್ಲಿ ಕೂರುವುದು ನಮ್ಮ ಹನಫಿ ಮದ್‌ಹಬಿನಲ್ಲಿ ಗೋಡೆಗಳ ನಡುವೆಯೂ ನಿಷಿದ್ಧ. ಒಡೆದು ತಿರುಗಿಸಿದೆವು. ಆತನಿಗೆ ಇದು ತಿಳಿದಿರಬೇಕೆಂದಿಲ್ಲ. ಮೊದಲೇ ಗೋಡೆಯ ಮೇಲೆ ಇದ್ದಿಲಿನಿಂದ ಬಾಣ ಬರೆಯದೆ ಹೋದದ್ದು ನಮ್ಮ ತಪ್ಪು. ವಾಸ್ತು, ಆಯ ಎಂದು ಕೆಲವರು ಬಾಗಿಲನ್ನು ಎರಡು ಸಲ ಸರಿಸುತ್ತಾರೆ, ಈ ಬಾಣವನ್ನು ಒಮ್ಮೆಯೂ ಬರೆಯುವುದಿಲ್ಲ.

ಕಿಟಕಿಗಳ ವಿಷಯದಲ್ಲಿ ನಮ್ಮವರದೊಂದು ದೋಷವುಂಟು. ಪರದೆಯ ಕಾಳಜಿಯಿಂದ ಅಡುಗೆಮನೆಗೆ ಅಂಗೈಯಷ್ಟು ಕಿಟಕಿ ಇಟ್ಟು, ಹೆಂಗಸರನ್ನು ಮೇ ತಿಂಗಳ ಹೊಗೆಯಲ್ಲಿ ಬಿಡುತ್ತೇವೆ. ನಮ್ಮ ಮನೆಯವರು ಇದಕ್ಕೆ ಒಪ್ಪಲಿಲ್ಲ. ಆರಡಿ ಎತ್ತರದಿಂದ ಮೇಲಕ್ಕೆ ಅಗಲವಾದ ಜಾಲಂಧ್ರ, ಎದುರು ಗೋಡೆಯಲ್ಲಿ ಇನ್ನೊಂದು. ಹೊರಗಿನವರ ಕಣ್ಣು ಒಳಗೆ ಬೀಳದು, ನಮ್ಮ ಕಣ್ಣು ನೆರೆಯವರ ಅಂಗಳಕ್ಕೆ ಬೀಳದು, ಗಾಳಿ ಮಾತ್ರ ಆಡುತ್ತದೆ. ನೆಲಕ್ಕೆ ಹೊಳೆಯುವ ಟೈಲ್ಸ್ ಬೇಡವೆಂದು ಶಹಾಬಾದಿನ ಪರಸಿ ಹಾಕಿಸಿದೆವು. ಬೆಲೆ ಕಡಿಮೆ, ಅಂಗಾಲಿಗೆ ತಂಪು, ಒದ್ದೆಯಾದರೂ ಅಮ್ಮಿ ಜಾರುವುದಿಲ್ಲ. ಸ್ಲ್ಯಾಬಿನ ಮೇಲೆ ಪ್ರತಿ ಮಾರ್ಚಿನಲ್ಲಿ ಸುಣ್ಣ ಬಳಿಯುತ್ತೇವೆ. ಮಾಳಿಗೆಯ ತಂಪು ಅದರಿಂದ ಬರುವುದಿಲ್ಲ, ಆದರೂ ಬಿಸಿ ತಗ್ಗುತ್ತದೆ. ಪಿ.ಒ.ಪಿ. ಛಾವಣಿ, ಬಣ್ಣದ ದೀಪಗಳ ಸಾಲು ಇವುಗಳ ಕುರಿತು ನಮಗೆ ಹೇಳಲು ಹೆಚ್ಚೇನೂ ಇಲ್ಲ. ಬಿಜಾಪುರವನ್ನಾಳಿದ ಆದಿಲ್‌ಶಾಹಿಗಳ ಮೊದಲ ಸುಲ್ತಾನ ಯೂಸುಫ್ ಆದಿಲ್ ಶಾಹ್ ಮಲಗಿರುವುದು ಇಲ್ಲೇ ನಮ್ಮ ತಾಲೂಕಿನ ಗೋಗಿಯಲ್ಲಿ. ಆ ಗೋರಿಗೆ ಬೇಕಾದದ್ದು ಒಂದು ಪಾಲಿಗಿಂತ ಹೆಚ್ಚಿನ ಜಾಗವಲ್ಲ.

ಕಳೆದ ಬೇಸಿಗೆಯಲ್ಲಿ ಆಪಾ ಮಕ್ಕಳೊಂದಿಗೆ ಬಂದು ಹದಿನೈದು ದಿನ ಇದ್ದರು. ಪಶ್ಚಿಮದ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟಿದ್ದೆವು. ಹೊರಡುವ ದಿನ ಆ ಕೋಣೆಯ ಬಾಗಿಲಲ್ಲಿ ನಿಂತು, "ಇದು ಎಷ್ಟು ಅಡಿ ಇದೆ?" ಎಂದು ಕೇಳಿದರು. ಹನ್ನೆರಡು ಹದಿನಾಲ್ಕು ಎಂದೆವು. ಅವರು ಬೆರಳುಗಳ ಮೇಲೆ ಗುಣಿಸಿ, "ಏಳು ಅಡಿ ಕಡಿಮೆಯಾಯಿತಲ್ಲ" ಎಂದು ನಕ್ಕರು. ಅಮ್ಮಿಯೂ ನಕ್ಕರು.

ಮಾಳಿಗೆಯ ಮೇಲೆ ಕಾಲಂಗಳ ಸರಳುಗಳು ಇನ್ನೂ ಆಕಾಶ ನೋಡುತ್ತಿವೆ. ತುಕ್ಕು ಹಿಡಿಯದಂತೆ ಅವಕ್ಕೆ ಸಿಮೆಂಟಿನ ಗಂಜಿ ಬಳಿದಿದ್ದೇವೆ. "ಮೌಲಾನಾರ ಮನೆ ಅರ್ಧಕ್ಕೇ ನಿಂತಿತು" ಎನ್ನುವವರಿದ್ದಾರೆ; ನಿಂತಿರುವುದು ನಿಜವೇ. ತಮ್ಮನ ಪಾಲಿನ ಕೊನೆಯ ಕಂತು ಬರುವ ಬಕ್ರೀದಿಗೆ ತೀರುತ್ತದೆ, ಇನ್‌ಶಾ ಅಲ್ಲಾಹ್. ಆಮೇಲೆ ಮನೆಯವರ ಬಳೆಗಳು. ಮೇಲಿನ ಕೋಣೆಗಳ ಮಾತು ಅದಾದ ಮೇಲೆ.